ಕಿ-67 ಜಾಸ್ತಿ ಬಂದರೆ ಅಪ್ಪನ ಆಯಸ್ಸು ಕಡಿಮೆ ಅಂತಲಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಮೂತ್ರದಲ್ಲಿ ರಕ್ತ ಹೋಗುತ್ತಿತ್ತು, ತೋರಿಸಿದಾಗ ಮೂತ್ರಕೋಶದ ಕ್ಯಾನ್ಸರ್ ಅಂದರು. ಹೋದ ತಿಂಗಳು ಮೂತ್ರಕೋಶವನ್ನೇ ತೆಗೆದಿದ್ದಾರೆ. ಮೊದಲು ಕೀಮೋ ಕೊಟ್ಟಿರಲಿಲ್ಲ. ರಿಪೋರ್ಟಿನಲ್ಲಿ ಹೈ ಗ್ರೇಡ್, ಪಿಟಿ3, ಲಿಂಫ್ ನೋಡ್ 22ರಲ್ಲಿ 0, ಅಂಚುಗಳು ಕ್ಲಿಯರ್ ಅಂತ ಇದೆ. ಕೆಳಗೆ ಕಿ-67 ಶೇಕಡಾ 60, ಪಿ53 ಪಾಸಿಟಿವ್, ಹರ್2 2+, ಪಿಡಿ-ಎಲ್1 ಸಿಪಿಎಸ್ 20 ಅಂತ ಬರೆದಿದ್ದಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಈ ಪ್ರೊಟೀನುಗಳು ಜಾಸ್ತಿ ಇದ್ದವರು ಬೇಗ ಹೋಗುತ್ತಾರೆ ಅಂತಲೇ ಇದೆ. ಇನ್ನೊಂದು ಲ್ಯಾಬಿನವರು ಮತ್ತಷ್ಟು ಪ್ರೊಟೀನ್ ಪರೀಕ್ಷೆ ಮಾಡಿ ಎಷ್ಟು ವರ್ಷ ಅಂತ ಅಂದಾಜು ಕೊಡುತ್ತೇವೆ ಅನ್ನುತ್ತಿದ್ದಾರೆ. ಮಾಡಿಸಬೇಕಾ? ಅಪ್ಪ ಕೇಳಿದರೆ ಏನು ಹೇಳಲಿ?

ಉತ್ತರ: ಆ ಲ್ಯಾಬಿನ ಪರೀಕ್ಷೆ ಬೇಡ. ಕಿ-67 ಶೇಕಡಾ 60 ಇದೆ ಅನ್ನುವುದರಿಂದ ನಿಮ್ಮ ತಂದೆ ಎಷ್ಟು ವರ್ಷ ಇರುತ್ತಾರೆ ಅಂತ ಯಾರೂ ಹೇಳಲಾರರು. ಆದರೆ ರಿಪೋರ್ಟಿನಲ್ಲಿರುವ ಎಲ್ಲ ಪ್ರೊಟೀನುಗಳೂ ದಂಡ ಅಂತಲ್ಲ. ಅದರಲ್ಲಿ ಒಂದರ ಬಗ್ಗೆ ನೀವು ಈ ವಾರವೇ ಡಾಕ್ಟರ ಹತ್ತಿರ ಮಾತಾಡಬೇಕು. ಯಾವುದು, ಯಾಕೆ ಅಂತ ಮುಂದೆ ಬರೆಯುತ್ತೇನೆ.

ನಾನು ಪೆಥಾಲಜಿಸ್ಟ್. ಇಂಥ ಸ್ಲೈಡುಗಳನ್ನು ನೋಡಿ ವರದಿ ಬರೆಯುವುದೇ ನನ್ನ ಕೆಲಸ. ವರದಿಯ ಕೊನೆಯಲ್ಲಿ ಬರುವ ಈ ಸಂಖ್ಯೆಗಳು ಮನೆಯವರನ್ನು ಎಷ್ಟು ಹೆದರಿಸುತ್ತವೆ ಅಂತ ನನಗೆ ಗೊತ್ತು. ಆದ್ದರಿಂದ ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ.

ಮೊದಲು, ನೀವು ಗಾಬರಿಯಲ್ಲಿ ದಾಟಿಕೊಂಡು ಹೋದ ಸಾಲುಗಳಿಗೆ ಬನ್ನಿ. ಪಿಟಿ3 ಅಂದರೆ ಗಡ್ಡೆ ಮೂತ್ರಕೋಶದ ಮಾಂಸದ ಗೋಡೆಯನ್ನು ದಾಟಿ ಸುತ್ತಲಿನ ಕೊಬ್ಬಿನೊಳಗೆ ಹೋಗಿದೆ. ಅದು ಒಳ್ಳೆಯ ಸುದ್ದಿಯಲ್ಲ, ನಿಜ. ಆದರೆ 22 ಲಿಂಫ್ ನೋಡ್ (ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವ ಸಣ್ಣ ಗ್ರಂಥಿಗಳು) ತೆಗೆದು ನೋಡಿದ್ದಾರೆ, ಒಂದರಲ್ಲೂ ಕ್ಯಾನ್ಸರ್ ಇಲ್ಲ. ಕತ್ತರಿಸಿದ ಅಂಚಿನಲ್ಲೂ ಇಲ್ಲ. ಇಡೀ ರಿಪೋರ್ಟಿನಲ್ಲಿ ಮುಂದೇನಾಗಬಹುದು ಅಂತ ಅತಿ ಹೆಚ್ಚು ಹೇಳುವುದು ಈ ಮೂರು ಸಾಲುಗಳೇ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮೂತ್ರಕೋಶ ತೆಗೆಸಿಕೊಂಡ 1,054 ಜನರ ಲೆಕ್ಕವನ್ನು 2001ರಲ್ಲಿ ಪ್ರಕಟಿಸಿದರು. ಅದರಲ್ಲಿ ಗಡ್ಡೆ ಗೋಡೆ ದಾಟಿದ್ದರೂ ನೋಡ್ ಕ್ಲೀನಾಗಿದ್ದವರ ಪೈಕಿ ಅರ್ಧಕ್ಕಿಂತ ಜಾಸ್ತಿ ಜನರಿಗೆ 5 ವರ್ಷವಾದರೂ ಕಾಯಿಲೆ ಮರಳಿರಲಿಲ್ಲ. ನೋಡ್‌ಗೆ ಹರಡಿದ್ದವರಲ್ಲಿ ಅದು ಶೇಕಡಾ 35. ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ಒಂಟಿ ಪ್ರೊಟೀನೂ ಇದುವರೆಗೆ ನಂಬುವ ಹಾಗೆ ತೋರಿಸಿಲ್ಲ. ಅದೂ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ, ಬರುವುದಕ್ಕಿಂತ ಎಷ್ಟೋ ಮೊದಲಿನ ಲೆಕ್ಕ.

ಈಗ ಪ್ರೊಟೀನಿಗೆ ಬರೋಣ. ಗಡ್ಡೆಯ ತುಂಡನ್ನು ಮೇಣದ ಬ್ಲಾಕ್ ಮಾಡಿ, ಅದರಿಂದ ತೆಳ್ಳಗೆ ಸೀಳಿ ಗಾಜಿನ ಮೇಲೆ ಹಾಕುತ್ತೇವೆ. ಒಂದು ಪ್ರೊಟೀನಿಗೆ ಮಾತ್ರ ಅಂಟಿಕೊಳ್ಳುವ ಆ್ಯಂಟಿಬಾಡಿ ಹಾಕುತ್ತೇವೆ. ಪ್ರೊಟೀನ್ ಇದ್ದ ಕಡೆ ಕಂದು ಬಣ್ಣ ಬರುತ್ತದೆ. ಇದಕ್ಕೆ ಐಎಚ್‌ಸಿ ಅನ್ನುತ್ತಾರೆ. ಕಿ-67 ವಿಭಜನೆಯಾಗುತ್ತಿರುವ ಜೀವಕೋಶಗಳಲ್ಲಿ ಕಾಣುತ್ತದೆ. ಶೇಕಡಾ 60 ಅಂದರೆ ನೂರು ಕ್ಯಾನ್ಸರ್ ಕೋಶಗಳಲ್ಲಿ ಅರವತ್ತು ವಿಭಜನೆಯ ಹಾದಿಯಲ್ಲಿವೆ ಅಂತ. ಹೈ ಗ್ರೇಡ್, ಅಂದರೆ ಬೇಗ ಬೆಳೆಯುವ ಬಗೆ, ಅಂದ ಮೇಲೆ ಕಿ-67 ಏರಿರುವುದು ಸಾಮಾನ್ಯ. ಅಂದರೆ ಮೇಲಿನ ಸಾಲಿನಲ್ಲಿ ಹೇಳಿದ್ದನ್ನೇ ಅದು ಕೆಳಗೆ ಇನ್ನೊಮ್ಮೆ ಹೇಳುತ್ತಿದೆ. ನಿಮಗೆ ಅದು ಎರಡನೇ ಕೆಟ್ಟ ಸುದ್ದಿಯ ಹಾಗೆ ಕೇಳಿಸಿದೆ, ಅಷ್ಟೇ.

ಇಂಟರ್ನೆಟ್ಟಿನಲ್ಲಿ ನೀವು ಓದಿದ್ದು ಸುಳ್ಳಾ ಅಂತ ಕೇಳಿದರೆ, ಸುಳ್ಳಲ್ಲ. ಕಿ-67 ಜಾಸ್ತಿ ಇರುವ ನೂರಾರು ಜನರನ್ನು ಒಂದು ಕಡೆ, ಕಡಿಮೆ ಇರುವ ನೂರಾರು ಜನರನ್ನು ಇನ್ನೊಂದು ಕಡೆ ನಿಲ್ಲಿಸಿ ನೋಡಿದರೆ ಮೊದಲನೇ ಗುಂಪಿನಲ್ಲಿ ಕಾಯಿಲೆ ಮರಳುವುದು ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಆದರೆ ಎರಡೂ ಗುಂಪಿನಲ್ಲಿ ಬೇಗ ಹೋದವರೂ ಇದ್ದಾರೆ, ವರ್ಷಗಟ್ಟಲೆ ಚೆನ್ನಾಗಿರುವವರೂ ಇದ್ದಾರೆ. ಗುಂಪಿನ ಮಾತನ್ನು ತಂದು ಒಬ್ಬ ಮನುಷ್ಯನ ಮೇಲೆ ಹೊರಿಸುವುದಕ್ಕೆ ಆಗುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ಎಷ್ಟಕ್ಕಿಂತ ಮೇಲೆ ಜಾಸ್ತಿ ಅನ್ನುವ ಗೆರೆಯನ್ನು ಒಬ್ಬರು ಶೇಕಡಾ 10ಕ್ಕೆ ಎಳೆಯುತ್ತಾರೆ, ಇನ್ನೊಬ್ಬರು 20ಕ್ಕೆ, ಮತ್ತೊಬ್ಬರು 25ಕ್ಕೆ. ಹಳೆಯ ಬ್ಲಾಕುಗಳನ್ನು ಅಲಮಾರಿಯಿಂದ ತೆಗೆದು, ಬಣ್ಣ ಹಾಕಿ, ಯಾರು ಬದುಕಿದರು ಯಾರು ಹೋದರು ಅಂತ ಮೊದಲೇ ಗೊತ್ತಿರುವಾಗ, ಎಲ್ಲಿ ಗೆರೆ ಎಳೆದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೋ ಅಲ್ಲೇ ಎಳೆದ ಅಧ್ಯಯನಗಳು ಬೇಕಾದಷ್ಟಿವೆ. ಈ ಅಭ್ಯಾಸಕ್ಕೆ ಲಗಾಮು ಹಾಕಬೇಕು ಅಂತಲೇ 2005ರಲ್ಲಿ ರಿಮಾರ್ಕ್ ಅನ್ನುವ ನಿಯಮಗಳು ಬಂದವು. ಗೆರೆಯನ್ನು ಹೇಗೆ ಆರಿಸಿದಿರಿ, ಎಷ್ಟು ರೋಗಿಗಳನ್ನು ಕೈಬಿಟ್ಟಿರಿ ಅಂತೆಲ್ಲ ಸಂಶೋಧಕರು ಬಿಚ್ಚಿ ಹೇಳಬೇಕು ಅನ್ನುವುದು ಅದರ ಸಾರ.

ಪಿ53ರ ಕತೆಯನ್ನು ಮಾತ್ರ ಪೂರ್ತಿ ಹೇಳುತ್ತೇನೆ. ಇದು ಗೊತ್ತಾದರೆ ಇಂಥ ಯಾವ ಪ್ರೊಟೀನಿನ ಸುದ್ದಿ ಬಂದರೂ ನೀವೇ ತೂಗಿ ನೋಡಬಹುದು.

ಪಿ53 ಜೀವಕೋಶದ ಕಾವಲುಗಾರ ಪ್ರೊಟೀನ್. ಡಿಎನ್‌ಎ ಕೆಟ್ಟರೆ ವಿಭಜನೆಯನ್ನು ತಡೆಯುತ್ತದೆ. ಅದರ ಜೀನ್ ಕೆಟ್ಟಾಗ ತಯಾರಾಗುವ ದೋಷದ ಪ್ರೊಟೀನ್ ಬೇಗ ಕರಗುವುದಿಲ್ಲ, ಕೋಶದ ಕೇಂದ್ರದಲ್ಲಿ ಗುಡ್ಡೆ ಬೀಳುತ್ತದೆ, ಸ್ಲೈಡಿನಲ್ಲಿ ಗಾಢ ಕಂದು ಕಾಣುತ್ತದೆ. 1994ರಲ್ಲಿ ಅದೇ ಸದರ್ನ್ ಕ್ಯಾಲಿಫೋರ್ನಿಯಾದ ತಂಡ 243 ರೋಗಿಗಳನ್ನು ನೋಡಿ, ಹೀಗೆ ಪಿ53 ಶೇಖರವಾದವರಲ್ಲಿ ಕ್ಯಾನ್ಸರ್ ಮರಳುವುದೂ ಸಾವೂ ಸ್ಪಷ್ಟವಾಗಿ ಜಾಸ್ತಿ ಅಂತ ಪ್ರಕಟಿಸಿತು. ಆಗ ಎಲ್ಲರಿಗೂ ಉತ್ಸಾಹ. ಗಡ್ಡೆ ಮೂತ್ರಕೋಶದ ಒಳಗೇ ಇದ್ದರೂ ಪಿ53 ಕೆಟ್ಟವರಿಗೆ ಕೀಮೋ ಕೊಡೋಣ, ಉಳಿದವರಿಗೆ ಬೇಡ ಅಂತ ಯೋಚಿಸಿದರು. ಯೋಚಿಸಿ ಬಿಡಲಿಲ್ಲ, ಸರಿಯಾದ ಪ್ರಯೋಗ ಮಾಡಿದರು, ಅದು ಅವರ ದೊಡ್ಡತನ. 499 ಜನರ ಗಡ್ಡೆ ಪರೀಕ್ಷಿಸಿದರು. 272 ಜನರಿಗೆ ಪಿ53 ಪಾಸಿಟಿವ್ ಬಂತು. ಅವರಲ್ಲಿ ಒಪ್ಪಿದ 114 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಕೀಮೋ ಕೊಟ್ಟರು, ಇನ್ನೊಂದು ಪಾಲನ್ನು ಬರೀ ಗಮನಿಸಿದರು. ಕೀಮೋದಿಂದ ಲಾಭ ಕಾಣುವ ಹಾಗಿಲ್ಲ ಅಂತ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2011ರಲ್ಲಿ ಫಲಿತಾಂಶ ಬಂತು. ಕೀಮೋದಿಂದ ವ್ಯತ್ಯಾಸವಾಗಲಿಲ್ಲ ಅನ್ನುವುದು ಒಂದು. ಪಿ53 ಪಾಸಿಟಿವ್ ಇದ್ದವರಿಗೂ ನೆಗೆಟಿವ್ ಇದ್ದವರಿಗೂ ಕಾಯಿಲೆ ಮರಳುವುದರಲ್ಲೇ ಫರಕು ಕಾಣಲಿಲ್ಲ ಅನ್ನುವುದು ಇನ್ನೊಂದು.

ಹದಿನೇಳು ವರ್ಷ ಕೆಟ್ಟ ಶಕುನ ಅಂತ ನಂಬಿದ್ದ ಪ್ರೊಟೀನ್ ಇದು. ಒಪ್ಪಿದವರು ಕಡಿಮೆ, ಕಾಯಿಲೆ ಮರಳಿದವರೂ ಎಣಿಸಿದ್ದಕ್ಕಿಂತ ಕಡಿಮೆ, ಹಾಗಾಗಿ ಪ್ರಯೋಗಕ್ಕೆ ಬಲ ಸಾಲಲಿಲ್ಲ ಅನ್ನುವವರಿದ್ದಾರೆ. ಇರಬಹುದು. ಬಣ್ಣದ ತೊಂದರೆಯೂ ಇದೆ. ಜೀನಿನಲ್ಲಿ ಕೆಲವು ಬಗೆಯ ದೋಷಗಳಾದರೆ ಪ್ರೊಟೀನ್ ಹುಟ್ಟುವುದೇ ಇಲ್ಲ, ಸ್ಲೈಡ್ ಪೂರ್ತಿ ಖಾಲಿ ಕಾಣುತ್ತದೆ, ಆದರೆ ಪಿ53 ಕೆಟ್ಟೇ ಇರುತ್ತದೆ. ಹಳೆಯ ಲೆಕ್ಕದಲ್ಲಿ ಅಂಥವರು ನೆಗೆಟಿವ್ ಗುಂಪಿಗೆ ಸೇರಿಬಿಡುತ್ತಿದ್ದರು. ಏನೇ ಆಗಲಿ, ನಿಮ್ಮ ರಿಪೋರ್ಟಿನ ಪಿ53 ಪಾಸಿಟಿವ್ ಅನ್ನುವ ಎರಡು ಪದಗಳಿಂದ ನಿಮ್ಮ ತಂದೆಯ ಚಿಕಿತ್ಸೆಯಲ್ಲಿ ಇವತ್ತು ಏನೂ ಬದಲಾಗುವುದಿಲ್ಲ.

ಇಂಥ ಕತೆ ಇದೊಂದೇ ಅಲ್ಲ. ಎಂಆರ್‌ಇ11 ಅನ್ನುವ ಪ್ರೊಟೀನ್ ಡಿಎನ್‌ಎ ರಿಪೇರಿಗೆ ಬೇಕಾಗುತ್ತದೆ. ಇದು ಜಾಸ್ತಿ ಇದ್ದವರಿಗೆ ರೇಡಿಯೋಥೆರಪಿ ಚೆನ್ನಾಗಿ ಹಿಡಿಯುತ್ತದೆ, ಅವರು ಮೂತ್ರಕೋಶ ಉಳಿಸಿಕೊಳ್ಳಬಹುದು ಅಂತ 2010ರಲ್ಲಿ ಇಂಗ್ಲೆಂಡಿನ ಲೀಡ್ಸ್ ತಂಡ ಹೇಳಿತು. ಎಷ್ಟು ಒಳ್ಳೆಯ ಸುದ್ದಿ ಅಲ್ವಾ! ಮೂತ್ರಕೋಶ ಉಳಿಯುತ್ತದೆ ಅನ್ನುವುದು ರೋಗಿಗೆ ಸಣ್ಣ ಮಾತಲ್ಲ. ಆಮೇಲೆ ಬೇರೆ ಲ್ಯಾಬುಗಳಲ್ಲಿ ಅದನ್ನೇ ಮಾಡಿ ನೋಡಿದಾಗ ಒಬ್ಬರ ಅಂಕ ಇನ್ನೊಬ್ಬರಿಗೆ ಹೊಂದಲಿಲ್ಲ, ಮೊದಲ ಫಲಿತಾಂಶ ಮರಳಿ ಬರಲಿಲ್ಲ. ಸ್ವೀಡನ್ನಿನ ಲುಂಡ್‌ನವರು ಪೊಡೊಕ್ಯಾಲಿಕ್ಸಿನ್ ಕೋಶದ ಪೊರೆಯ ಮೇಲೆ ಕಂಡರೆ ಕೆಟ್ಟದ್ದು, ಆರ್‌ಬಿಎಂ3 ಕಡಿಮೆಯಾದರೆ ಕೆಟ್ಟದ್ದು ಅಂತ ತೋರಿಸಿದ್ದಾರೆ. ಅವು ಶ್ರದ್ಧೆಯಿಂದ ಮಾಡಿದ ಕೆಲಸಗಳು, ಆ ದಾರಿಯಲ್ಲಿ ಯಾವತ್ತೋ ಒಂದು ದಿನ ಉಪಯೋಗದ ಪರೀಕ್ಷೆ ಸಿಗಲೂಬಹುದು. ಆದರೆ ಅಧ್ಯಯನದಲ್ಲಿ ಕಂಡದ್ದನ್ನು ಪ್ಯಾಕೇಜ್ ಮಾಡಿ, ಗಾಬರಿಯಲ್ಲಿರುವ ಮನೆಯವರಿಗೆ ವರ್ಷಗಳ ಲೆಕ್ಕ ಅಂತ ಮಾರುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಒತ್ತಿ ನೋಡಿದರೆ ಸಾಕು, ಗಡ್ಡೆ ಹಾಗಲ್ಲ. ಒಂದೇ ಗಡ್ಡೆಯ ಒಂದು ಮೂಲೆಯಲ್ಲಿ ಹರ್2 (ಕೋಶಕ್ಕೆ ಬೆಳೆಯುವ ಸಂದೇಶ ಕೊಡುವ ಪ್ರೊಟೀನ್) ದಟ್ಟವಾಗಿರುತ್ತದೆ, ಇನ್ನೊಂದು ಮೂಲೆಯಲ್ಲಿ ಇರುವುದೇ ಇಲ್ಲ. ಮೇಲ್ಭಾಗದಲ್ಲಿ ಒಂದು ರೀತಿ, ಗೋಡೆಯ ಆಳಕ್ಕೆ ಇಳಿದ ಜಾಗದಲ್ಲಿ ಇನ್ನೊಂದು ರೀತಿ. ಯಾವ ಬ್ಲಾಕ್ ಆರಿಸಿದರು ಅನ್ನುವುದರ ಮೇಲೂ ಸಂಖ್ಯೆ ಬದಲಾಗುತ್ತದೆ.

ಸರಿ, ಹಾಗಾದರೆ ಪಿಡಿ-ಎಲ್1? ನಾನು ಮೊದಲು ಹೇಳಿದ ಆ ಒಂದು ಇದೇ. ಕ್ಯಾನ್ಸರ್ ಕೋಶಗಳು ರೋಗನಿರೋಧಕ ಕೋಶಗಳಿಂದ ತಪ್ಪಿಸಿಕೊಳ್ಳಲು ಬಳಸುವ ಪ್ರೊಟೀನ್ ಇದು, ಇಲ್ಲಿ ಹೇಳುವ ಇಮ್ಯುನೋಥೆರಪಿ ಔಷಧಗಳು ಆ ತಡೆಯನ್ನು ತೆಗೆಯುತ್ತವೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಈ ಪ್ರೊಟೀನ್ ಇದ್ದರೆ ಕಾಯಿಲೆ ಎಷ್ಟು ಜೋರು ಅನ್ನುವುದು ಒಂದು. ಈ ಪ್ರೊಟೀನ್ ಇದ್ದರೆ ಯಾವ ಔಷಧ ಹಿಡಿಯುತ್ತದೆ ಅನ್ನುವುದು ಇನ್ನೊಂದು. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕೆಲವು ಸಲ ನಮ್ಮ ವೈದ್ಯರೂ. ಒಂದು ಪ್ರಯೋಗ ನೋಡಿ. ಕೀನೋಟ್-045 ಅಂತ. ಕೀಮೋ ಆದಮೇಲೂ ಕ್ಯಾನ್ಸರ್ ಹರಡಿದ್ದ 542 ಜನ ಅದರಲ್ಲಿದ್ದರು. ಅರ್ಧ ಜನರಿಗೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೋಥೆರಪಿ, ಉಳಿದವರಿಗೆ ಬೇರೆ ಕೀಮೋ. ಎಲ್ಲರನ್ನೂ ಸೇರಿಸಿದರೆ ಬದುಕಿನ ಮಧ್ಯಮ ಅವಧಿ (ಅರ್ಧ ಜನ ಇದಕ್ಕಿಂತ ಹೆಚ್ಚು ಕಾಲ, ಅರ್ಧ ಜನ ಕಡಿಮೆ ಕಾಲ ಬದುಕಿದರು) 10.3 ತಿಂಗಳು ಮತ್ತು 7.4 ತಿಂಗಳು. ಪಿಡಿ-ಎಲ್1 ಎಣಿಸುವ ಸಿಪಿಎಸ್ ಅನ್ನುವ ಅಂಕ 10 ಅಥವಾ ಹೆಚ್ಚು ಇದ್ದವರಲ್ಲಿ 8.0 ಮತ್ತು 5.2. ಏನು ಕಾಣುತ್ತದೆ? ಪಿಡಿ-ಎಲ್1 ಜಾಸ್ತಿ ಇದ್ದವರ ಕಾಯಿಲೆ ಎರಡೂ ಕಡೆ ಹೆಚ್ಚು ಜೋರಾಗಿತ್ತು. ಆದರೂ ಹೊಸ ಔಷಧದಿಂದ ಅವರಿಗೂ ಹೆಚ್ಚುಕಡಿಮೆ ಅಷ್ಟೇ ತಿಂಗಳ ಲಾಭ ಸಿಕ್ಕಿತು. ಶಕುನ ಕೆಟ್ಟದ್ದು, ಔಷಧಕ್ಕೆ ಬಾಗಿಲು ಮಾತ್ರ ಮುಚ್ಚಿರಲಿಲ್ಲ. ಅಂದಹಾಗೆ ಈ ತಿಂಗಳುಗಳ ಲೆಕ್ಕವನ್ನು ದಯವಿಟ್ಟು ನಿಮ್ಮ ತಂದೆಗೆ ಹಾಕಬೇಡಿ. ಅವು ಬೇರೆ ಅಂಗಗಳಿಗೆ ಹರಡಿ, ಒಂದು ಸುತ್ತು ಕೀಮೋ ಸೋತವರವು. ನಿಮ್ಮ ತಂದೆಯ ಗಡ್ಡೆಯನ್ನು ಪೂರ್ತಿ ತೆಗೆದಿದ್ದಾರೆ.

ನಿಮ್ಮ ತಂದೆಗೆ ಹತ್ತಿರದ ಪ್ರಯೋಗ ಚೆಕ್‌ಮೇಟ್-274. ಆಪರೇಷನ್ ಆಗಿ, ಕಾಯಿಲೆ ಮರಳುವ ಅಪಾಯ ಜಾಸ್ತಿ ಇದ್ದ 709 ಜನರಲ್ಲಿ ಒಂದು ಪಾಲಿಗೆ ಒಂದು ವರ್ಷ ನಿವೊಲುಮ್ಯಾಬ್ ಅನ್ನುವ ಇಮ್ಯುನೋಥೆರಪಿ, ಇನ್ನೊಂದು ಪಾಲಿಗೆ ಔಷಧವಿಲ್ಲದ ಡ್ರಿಪ್. ಕಾಯಿಲೆ ಮರಳದೆ ಇದ್ದ ಮಧ್ಯಮ ಅವಧಿ 20.8 ತಿಂಗಳು ಮತ್ತು 10.8 ತಿಂಗಳು. ಕ್ಯಾನ್ಸರ್ ಕೋಶಗಳಲ್ಲಿ ಶೇಕಡಾ 1 ಅಥವಾ ಹೆಚ್ಚು ಪಿಡಿ-ಎಲ್1 ಇದ್ದವರಲ್ಲಿ ಲಾಭ ಇನ್ನೂ ಎದ್ದು ಕಂಡಿತು. ಅಮೆರಿಕದಲ್ಲಿ 2021ರಲ್ಲಿ ಪಿಡಿ-ಎಲ್1 ಎಷ್ಟೇ ಇರಲಿ ಕೊಡಬಹುದು ಅಂದರು. ಯುರೋಪಿನಲ್ಲಿ ಕ್ಯಾನ್ಸರ್ ಕೋಶದಲ್ಲಿ ಶೇಕಡಾ 1 ಅಥವಾ ಹೆಚ್ಚು ಇದ್ದವರಿಗೆ ಮಾತ್ರ ಅಂದರು.

ಇಲ್ಲೊಂದು ಸೂಕ್ಷ್ಮ ಇದೆ, ಗಮನ ಕೊಡಿ. ನಿಮ್ಮ ರಿಪೋರ್ಟಿನಲ್ಲಿರುವುದು ಸಿಪಿಎಸ್ 20. ಸಿಪಿಎಸ್ ಲೆಕ್ಕದಲ್ಲಿ ಕ್ಯಾನ್ಸರ್ ಕೋಶಗಳ ಜೊತೆ ಸುತ್ತಲಿರುವ ರೋಗನಿರೋಧಕ ಕೋಶಗಳನ್ನೂ ಎಣಿಸುತ್ತಾರೆ. ನಿಮ್ಮ 20 ಪೂರ್ತಿ ಆ ಸುತ್ತಲಿನ ಕೋಶಗಳಿಂದಲೇ ಬಂದಿರಬಹುದು, ಕ್ಯಾನ್ಸರ್ ಕೋಶದಲ್ಲಿ ಸೊನ್ನೆ ಇರಬಹುದು. ಇಲ್ಲ, ಎಲ್ಲ ಕ್ಯಾನ್ಸರ್ ಕೋಶದಿಂದಲೇ ಬಂದಿರಬಹುದು. ಅದಕ್ಕೇ ಲ್ಯಾಬಿಗೆ ಹೋಗಿ ಎರಡು ವಿಷಯ ಬರೆಸಿಕೊಳ್ಳಿ: ಯಾವ ಆ್ಯಂಟಿಬಾಡಿ ಬಳಸಿದ್ದಾರೆ, ಮತ್ತು ಕ್ಯಾನ್ಸರ್ ಕೋಶಗಳಲ್ಲಿ ಮಾತ್ರ ಶೇಕಡಾ ಎಷ್ಟು. ಎಸ್‌ಪಿ142, 22ಸಿ3, 28-8, ಎಸ್‌ಪಿ263 ಅಂತ ನಾಲ್ಕು ಆ್ಯಂಟಿಬಾಡಿಗಳಿವೆ. ಒಂದೊಂದು ಔಷಧದ ಜೊತೆ ಒಂದೊಂದು ಬೆಳೆದು ಬಂದಿದೆ, ಎಣಿಸುವ ಕ್ರಮವೂ ಬೇರೆ. ಬಣ್ಣ ಹಾಕಿದ ಸ್ಲೈಡ್ ಅಲ್ಲೇ ಇರುತ್ತದೆ, ಮತ್ತೊಮ್ಮೆ ನೋಡಿ ಎಣಿಸುವುದು ದೊಡ್ಡ ಕೆಲಸವಲ್ಲ. ಸಂಕೋಚ ಬೇಡ, ಕೇಳಿ.

ಮೊದಲು ಕೀಮೋ ಆಗಿಲ್ಲದ ಕಾರಣ ಸಿಸ್‌ಪ್ಲಾಟಿನ್ ಸೇರಿದ ಕೀಮೋ ಕೊಡಬಹುದಾ ಅಂತಲೂ ನಿಮ್ಮ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಯೋಚಿಸುತ್ತಾರೆ. ಅದು ಪ್ರೊಟೀನಿನ ಮೇಲೆ ನಿಂತಿಲ್ಲ. ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 60 ಮಿಲಿ ಲೀಟರಿನ ಆಸುಪಾಸು ಇರಬೇಕು, ಕಿವಿ ಚೆನ್ನಾಗಿ ಕೇಳುತ್ತಿರಬೇಕು, ಹೃದಯ ಗಟ್ಟಿ ಇರಬೇಕು, ಮನುಷ್ಯ ಓಡಾಡಿಕೊಂಡಿರಬೇಕು. ಕೀಮೋ ಆಗಲಿ ಇಮ್ಯುನೋಥೆರಪಿ ಆಗಲಿ, ಆಪರೇಷನ್ ಆಗಿ ಸುಮಾರು ಮೂರು ತಿಂಗಳೊಳಗೆ ಶುರುವಾದರೆ ಒಳ್ಳೆಯದು. ಒಂದು ತಿಂಗಳು ಆಗಲೇ ಹೋಗಿದೆ. ಇನ್ನೊಂದು ಲ್ಯಾಬಿನ ವರದಿಗೆ ಕಾಯುತ್ತಾ ಕೂರಲು ಇದು ಸಮಯವಲ್ಲ. ನಾನು ಬೇಡ ಅಂದಿದ್ದಕ್ಕೆ ಹಣಕ್ಕಿಂತ ದೊಡ್ಡ ಕಾರಣ ಇದು.

ಹರ್2 2+ ಬಗ್ಗೆ (ಬಣ್ಣವನ್ನು 0ಯಿಂದ 3+ವರೆಗೆ ಅಳೆಯುತ್ತಾರೆ) ಈಗ ತಲೆ ಕೆಡಿಸಿಕೊಳ್ಳಬೇಡಿ. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಅನ್ನುವ ಔಷಧವನ್ನು ಅಮೆರಿಕದಲ್ಲಿ 2024ರಲ್ಲಿ ಹರ್2 3+ ಇರುವ, ಹರಡಿದ, ಬೇರೆ ಚಿಕಿತ್ಸೆ ಆಗಿ ಹೋದ ಗಡ್ಡೆಗಳಿಗೆ ಒಪ್ಪಿದ್ದಾರೆ. ಮುಂದೆ ಯಾವತ್ತಾದರೂ ಬೇಕಾದರೆ ಫೈಲಿನಲ್ಲಿ ಇರಲಿ. ನೆಕ್ಟಿನ್-4 ಅನ್ನುವ ಪ್ರೊಟೀನ್ ಹೆಸರು ಕೇಳಿದ್ದರೆ ಅದರದ್ದು ಇನ್ನೂ ವಿಚಿತ್ರ. ಆ ಪ್ರೊಟೀನಿಗೆ ಅಂಟಿ ವಿಷ ತಲುಪಿಸುವ ಎನ್‌ಫೋರ್ಟುಮ್ಯಾಬ್ ವೆಡೋಟಿನ್ ಅನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟಾಗ ಹರಡಿದ ಕಾಯಿಲೆಯಲ್ಲಿ ಬದುಕಿನ ಮಧ್ಯಮ ಅವಧಿ 16.1 ತಿಂಗಳಿಂದ 31.5 ತಿಂಗಳಿಗೆ ಏರಿತು. 886 ಜನರ ಪ್ರಯೋಗ. ದಶಕಗಳಿಂದ ಕದಲದ ಲೆಕ್ಕ ಅದು, ಓದಿದಾಗ ನಮಗೆಲ್ಲ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಆದರೆ ಆ ಔಷಧ ಕೊಡಲು ನೆಕ್ಟಿನ್-4 ಪರೀಕ್ಷೆ ಕಡ್ಡಾಯವಲ್ಲ. ಮೂತ್ರದ ಹಾದಿಯ ಒಳಪದರದಿಂದ ಹುಟ್ಟುವ ಹೆಚ್ಚಿನ ಕ್ಯಾನ್ಸರುಗಳಲ್ಲಿ ಅದು ಇದ್ದೇ ಇರುತ್ತದೆ.

ಪ್ರೊಟೀನ್ ಅಂದಾಗ ಎಲ್ಲರೂ ಮರೆಯುವ ಒಂದು ಹಳೆಯ ಪ್ರೊಟೀನಿದೆ. ರಕ್ತದ ಆಲ್ಬುಮಿನ್. ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಪರೀಕ್ಷೆ. ಅದು ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದ್ದವರಲ್ಲಿ ಆಪರೇಷನ್ ನಂತರದ ತೊಂದರೆಗಳೂ ಜಾಸ್ತಿ, ಬದುಕುವ ಅವಧಿಯೂ ಕಡಿಮೆ ಅಂತ ಹಲವು ಕಡೆ ಕಂಡಿದೆ. ಉರಿಯೂತ ತೋರಿಸುವ ಸಿಆರ್‌ಪಿ ಅನ್ನುವ ರಕ್ತದ ಪ್ರೊಟೀನ್ ಏರಿದ್ದರೂ ಹಾಗೇ. ಆಲ್ಬುಮಿನ್ ಒಂದನ್ನೇ ಏರಿಸಿದರೆ ಕ್ಯಾನ್ಸರ್ ಹೋಗುವುದಿಲ್ಲ. ಆದರೆ ಅದು ಇಳಿದಿದ್ದರೆ ಮನುಷ್ಯ ಸರಿಯಾಗಿ ತಿನ್ನುತ್ತಿಲ್ಲ, ಎಲ್ಲೋ ಸೋಂಕಿದೆ, ದೇಹ ಸೊರಗುತ್ತಿದೆ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ, ಏನಾದರೂ ಮಾಡಬಹುದು. ತಂದೆಯವರು ಈಗ ಏನು ತಿನ್ನುತ್ತಿದ್ದಾರೆ ಅಂತ ನೋಡಿ. ಆಪರೇಷನ್ ಆದವರಿಗೆ ಬರೀ ಗಂಜಿ, ತಿಳಿಸಾರು ಅಂತ ವಾರಗಟ್ಟಲೆ ಕೊಡುವ ಮನೆಗಳಿವೆ. ಕಿಡ್ನಿ ಸರಿಯಿದ್ದರೆ ಮೊಟ್ಟೆ, ಬೇಳೆ, ಮೊಸರು, ಮೀನು ಎಲ್ಲ ಕೊಡಬಹುದು, ಡಾಕ್ಟರನ್ನು ಒಂದು ಮಾತು ಕೇಳಿ. ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಲಿ. ಈ ಕ್ಯಾನ್ಸರಿಗೆ ಅದಕ್ಕಿಂತ ದೊಡ್ಡ ಕಾರಣ ಇಲ್ಲ.

ಗಡ್ಡೆ ಮೂತ್ರಕೋಶದಲ್ಲಿ ಅಲ್ಲದೆ ಕಿಡ್ನಿಯಿಂದ ಮೂತ್ರ ಇಳಿಯುವ ಮೇಲಿನ ನಾಳದಲ್ಲಿ ಅಥವಾ ಕಿಡ್ನಿಯ ಒಳಭಾಗದಲ್ಲಿ ಇದ್ದಿದ್ದರೆ ನಾನೇ ನಾಲ್ಕು ಪ್ರೊಟೀನ್ ಪರೀಕ್ಷೆ ಮಾಡಿಸಿ ಅನ್ನುತ್ತಿದ್ದೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಇವುಗಳಲ್ಲಿ ಒಂದಾದರೂ ಕಾಣೆಯಾಗಿದ್ದರೆ ಲಿಂಚ್ ಸಿಂಡ್ರೋಮ್ ಅನ್ನುವ, ವಂಶದಲ್ಲಿ ಹರಿಯುವ ದೋಷ ಇರಬಹುದು. ಆಗ ಅಣ್ಣತಮ್ಮಂದಿರೂ ಮಕ್ಕಳೂ ಕರುಳಿನ, ಗರ್ಭಕೋಶದ ಕ್ಯಾನ್ಸರಿಗೆ ಮುಂಚೆಯೇ ತಪಾಸಣೆ ಮಾಡಿಸಿಕೊಳ್ಳಬಹುದು. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಅಂಥ ಕ್ಯಾನ್ಸರ್ ಬಂದವರಿದ್ದರೆ ಈಗಲೂ ಡಾಕ್ಟರಿಗೆ ಹೇಳಿ. ಇದೇ ಸಂದರ್ಭದಲ್ಲಿ ಓದುತ್ತಿರುವ ಬೇರೆಯವರಿಗೂ ಒಂದು ಎಚ್ಚರಿಕೆ. ನಮ್ಮ ಕಡೆ ಈಶ್ವರಿ ಬೇರು ಅಂತ ಮನೆಮದ್ದಿಗೆ ಬಳಸುವ ಬಳ್ಳಿಯಲ್ಲಿ ಅರಿಸ್ಟೊಲೋಚಿಕ್ ಆಮ್ಲ ಇದೆ. ಅದು ಕಿಡ್ನಿಯನ್ನು ಹಾಳು ಮಾಡುತ್ತದೆ, ಆ ಮೇಲಿನ ನಾಳದ ಕ್ಯಾನ್ಸರನ್ನು ತರುತ್ತದೆ. ತೈವಾನ್ ಮತ್ತು ಬಾಲ್ಕನ್ ದೇಶಗಳಲ್ಲಿ ಆ ಜಾತಿಯ ಗಿಡಗಳಿಂದ ಜನ ಅನುಭವಿಸಿದ್ದಾರೆ. ದಯವಿಟ್ಟು ಹೊಟ್ಟೆಗೆ ತೆಗೆದುಕೊಳ್ಳಬೇಡಿ.

ಮುಂದೇನಾಗುತ್ತದೆ ಅಂತ ಹೇಳುವ ಪರೀಕ್ಷೆಯೇ ಇಲ್ಲವಾ ಅಂತ ನೀವು ಕೇಳಬಹುದು. ಹತ್ತಿರ ಬರುತ್ತಿರುವುದು ಒಂದಿದೆ, ಆದರೆ ಅದು ಪ್ರೊಟೀನ್ ಅಲ್ಲ. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಚೂರುಗಳು. 2025ರಲ್ಲಿ ಪ್ರಕಟವಾದ ಐಎಂವಿಗರ್011 ಪ್ರಯೋಗದಲ್ಲಿ ಮೂತ್ರಕೋಶ ತೆಗೆದವರ ರಕ್ತವನ್ನು ಒಂದು ವರ್ಷದವರೆಗೆ ಮತ್ತೆ ಮತ್ತೆ ನೋಡಿದರು. ಡಿಎನ್‌ಎ ಕಂಡವರಲ್ಲಿ ಇಮ್ಯುನೋಥೆರಪಿ ಪಡೆದವರು ಪಡೆಯದವರಿಗಿಂತ ಹೆಚ್ಚು ಕಾಲ ಬದುಕಿದರು. ಕಾಣದೇ ಉಳಿದವರು ಔಷಧವಿಲ್ಲದೆಯೂ ಚೆನ್ನಾಗಿದ್ದರು. ಪಿ53ಗೆ ಆಗದೆ ಹೋದದ್ದು ಇಲ್ಲಿ ಆಯಿತು. ಯಾರಿಗೆ ಚಿಕಿತ್ಸೆ ಬೇಕು ಅಂತ ತೋರಿಸಿತು, ಆ ಚಿಕಿತ್ಸೆಯಿಂದ ಅವರಿಗೆ ಲಾಭವೂ ಆಯಿತು. ನಿಮಗೆ ಸಿಗುವುದಾ, ನಿಮ್ಮ ತಂದೆಗೆ ಹೊಂದುತ್ತದಾ ಅಂತ ಆಂಕಾಲಜಿಸ್ಟ್ ಹತ್ತಿರ ಕೇಳಿ. ಸಿಗದಿದ್ದರೆ ಚಿಕಿತ್ಸೆ ತಡ ಮಾಡಬೇಡಿ.

ಅಪ್ಪ ಕೇಳಿದರೆ ಏನು ಹೇಳಲಿ ಅಂದಿರಿ. ನಿಜವನ್ನೇ ಹೇಳಿ. ಗಡ್ಡೆ ಗೋಡೆ ದಾಟಿತ್ತು, ಪೂರ್ತಿ ತೆಗೆದಿದ್ದಾರೆ, ನೋಡ್‌ಗಳಲ್ಲಿ ಇಲ್ಲ, ಮರಳಿ ಬರಬಹುದಾದ ಕಾಯಿಲೆ ಆದ್ದರಿಂದ ಇನ್ನೊಂದು ಚಿಕಿತ್ಸೆ ಬೇಕಾಗಬಹುದು, ಆಮೇಲೂ ಕೆಲವು ವರ್ಷ ಸ್ಕ್ಯಾನ್ ಮಾಡಿಸುತ್ತಿರಬೇಕು. ಶೇಕಡಾ 60ರ ಸುದ್ದಿ ಅವರಿಗೆ ಬೇಕಾಗಿಲ್ಲ. ಸುಮ್ನೆ ನಿದ್ದೆ ಕೆಡುತ್ತದೆ. ಬ್ಲಾಕುಗಳನ್ನು ಆಸ್ಪತ್ರೆಯವರು ಎಷ್ಟು ವರ್ಷ ಇಡುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ, ಮುಂದೆ ಬೇರೆ ಪರೀಕ್ಷೆ ಬೇಕಾದರೆ ಅವೇ ಬೇಕು. ಮತ್ತು ಪಿಡಿ-ಎಲ್1 ವಿವರ, ಈಗಿನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಆಲ್ಬುಮಿನ್, ಈ ಮೂರು ಕಾಗದ ಹಿಡಿದುಕೊಂಡು ಈ ವಾರವೇ ಆಂಕಾಲಜಿಸ್ಟ್ ಹತ್ತಿರ ಹೋಗಿ. ತಂದೆಯವರನ್ನೂ ಕರೆದುಕೊಂಡು ಹೋಗಿ, ಅವರು ಹೇಗೆ ನಡೆದುಕೊಂಡು ಬರುತ್ತಾರೆ ಅನ್ನುವುದನ್ನು ಡಾಕ್ಟರು ಕಣ್ಣಾರೆ ನೋಡಬೇಕು.